ಕಟ್ಟು ಹಾಕಿಸಿದ ನಾಣ್ಯಗಳು ಪಾರ್ಸೆಲ್‌ಗೆ ಹೊರಟಾಗ

ಬೆಂಗಳೂರಿನ ಅವೆನ್ಯೂ ರಸ್ತೆ ಸುತ್ತಮುತ್ತ ನಾಣ್ಯ, ಅಂಚೆಚೀಟಿ, ಹಳೇ ಬೆಂಕಿಪೊಟ್ಟಣದ ಲೇಬಲ್ ಕೂಡಿಡುವವರು ಬೇಕಾದಷ್ಟು ಜನ ಇದ್ದಾರೆ. ಅವರ ಸಂಗ್ರಹಕ್ಕೆ ಕಟ್ಟು, ಅಂದರೆ ಫ್ರೇಮ್ ಹಾಕುವುದು, ಊರಾಚೆ ಹೋಗಬೇಕಾದರೆ ಪ್ಯಾಕ್ ಮಾಡಿಕೊಡುವುದು ನನ್ನ ಕಸುಬು. ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಬಬಲ್ ರ‍್ಯಾಪ್ ಜಾಸ್ತಿ ಸುತ್ತಿ ಸರ್, ಏನೂ ಆಗಬಾರದು."

ಸುತ್ತೋಣ, ಅದಕ್ಕೇನು. ಆದರೆ ಮೂರಡಿಗೆ ಎರಡಡಿ ಫ್ರೇಮನ್ನು ಉಳಿಸುವುದು ಎರಡೂ ಮಗ್ಗುಲಿಗೆ ಕೊಟ್ಟ ಗಟ್ಟಿ ಹಲಗೆ. ಕಲಾಸಿಪಾಳ್ಯದಲ್ಲಿ ಲಾರಿಗೆ ಮಾಲು ಏರಿಸುವುದನ್ನು ಒಮ್ಮೆ ನಿಂತು ನೋಡಿ. ಚಪ್ಪಟೆ ಡಬ್ಬ ಕಂಡರೆ ಯಾರಿಗಾದರೂ ಮಲಗಿಸೋಣ ಅನಿಸುತ್ತದೆ. ಅದರ ಮೇಲೊಂದು ಮಿಕ್ಸಿ ಡಬ್ಬ, ಅದರ ಮೇಲೆ ಇನ್ನೇನೋ ಮೂಟೆ. ರಟ್ಟು ನಡುವೆ ಬಗ್ಗುತ್ತದೆ. ಬಬಲ್ ರ‍್ಯಾಪ್ ಎಷ್ಟು ಸುತ್ತಿದ್ದರೂ ಆ ಭಾರವನ್ನು ಸುಮ್ನೆ ಗಾಜಿಗೆ ದಾಟಿಸುತ್ತದೆ. ಗಾಜು ಎಷ್ಟೂಂತ ಬಗ್ಗೀತು? "ಮಲಗಿಸಬೇಡಿ" ಅಂತ ಚೀಟಿ ನಾನೂ ಅಂಟಿಸುತ್ತೇನೆ. ಮಲಗಿಸಿಯೇ ಮಲಗಿಸುತ್ತಾರೆ ಅಂದುಕೊಂಡೇ ಪ್ಯಾಕ್ ಮಾಡುತ್ತೇನೆ.

ಕೆಲಸ ಶುರುವಾಗುವುದು ಫ್ರೇಮಿನ ಒಳಗಿನಿಂದ. ನಾಣ್ಯದ ಫ್ರೇಮನ್ನು ಕಿವಿ ಹತ್ತಿರ ಹಿಡಿದು ನಿಧಾನಕ್ಕೆ ವಾಲಿಸಿ. 'ಟಕ್' ಅಂತ ಶಬ್ದ ಬಂತೋ, ಅದು ಪಾರ್ಸೆಲ್‌ಗೆ ತಯಾರಿಲ್ಲ. ಬ್ರಿಟಿಷರ ಕಾಲದ ಒಂದು ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತದೆ. ಅಂಥವು 50 ಇದ್ದರೆ ಅರ್ಧ ಕಿಲೋಗಿಂತ ಜಾಸ್ತಿ ಲೋಹ ಗಾಜಿನ ಹಿಂದೆ ದಾರಿಯುದ್ದಕ್ಕೂ ಕುಣಿಯುತ್ತಿರುತ್ತದೆ. ಹಿಂಬದಿಯ ಹಲಗೆ ಬಿಚ್ಚಿ, ನಾಣ್ಯಗಳ ಬೆನ್ನಿಗೆ ತೆಳು ಪಾಲಿಥಿನ್ ಫೋಮ್ ಹಾಳೆ ಕೊಟ್ಟು, ಹಲಗೆ ಒತ್ತಿ ಮತ್ತೆ ಮುಚ್ಚಬೇಕು. ಆಗ ಒಂದೂ ಅಲ್ಲಾಡುವುದಿಲ್ಲ. ಪಿವಿಸಿ ಹಾಳೆ ಮಾತ್ರ ಬೇಡ. ಬರಬರುತ್ತಾ ಅದು ಆಮ್ಲ ಬಿಡುತ್ತದೆ, ತಾಮ್ರದ ನಾಣ್ಯ ಹಸಿರುಗಟ್ಟುತ್ತದೆ. ರಬ್ಬರ್ ಬ್ಯಾಂಡೂ ಬೇಡ, ಅದರಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಎರಡು ದಿನದ ಪ್ರಯಾಣಕ್ಕೆ ಇಷ್ಟೆಲ್ಲ ಯಾಕೆ ಅಂತೀರಾ? ಮನೆ ಬದಲಿಸಿದವರು ಅಟ್ಟಕ್ಕೆ ಹಾಕಿದ ಡಬ್ಬವನ್ನು ಎಷ್ಟು ದಿನಕ್ಕೆ ಬಿಚ್ಚುತ್ತಾರೆ ಅನ್ನೋದು ನಿಮಗೂ ಗೊತ್ತು ಅಲ್ವಾ. ಬೆಲೆಬಾಳುವ ನಾಣ್ಯಗಳಾದರೆ ನನ್ನ ಸಲಹೆ ಇನ್ನೂ ಸರಳ: ಬಿಚ್ಚಿ ಬೇರೆ ಕಳಿಸಿ, ಫ್ರೇಮ್ ಖಾಲಿ ಹೋಗಲಿ.

ಗಾಜಿಗೆ ಅಡ್ಡಡ್ಡ, ಉದ್ದುದ್ದ ಮಾಸ್ಕಿಂಗ್ ಟೇಪ್ ಹಾಕುವ ಪದ್ಧತಿ ಒಳ್ಳೆಯದೇ. ಅದರಿಂದ ಗಾಜು ಒಡೆಯುವುದು ತಪ್ಪುವುದಿಲ್ಲ, ಒಡೆದ ಚೂರು ಒಳಗಿನ ವಸ್ತುವನ್ನು ಗೀರದ ಹಾಗೆ ಹಿಡಿದಿಡುತ್ತದೆ, ಅಷ್ಟೇ. ಟೇಪಿನ ತುದಿ ಮಡಚಿ ಬಿಡಿ, ಬಿಚ್ಚುವವರು ಉಗುರಿನಲ್ಲಿ ಕೆರೆಯುವುದು ತಪ್ಪುತ್ತದೆ. ಚಿನ್ನದ ಬಣ್ಣದ ಕಟ್ಟಿಗೆ ಅಪ್ಪಿತಪ್ಪಿಯೂ ಟೇಪ್ ತಾಗಿಸಬೇಡಿ. ದೂರದ ಊರಿಗಾದರೆ ಗಾಜು ತೆಗೆಸಿ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್ ಹಾಳೆ) ಹಾಕಿಸುವುದೇ ವಾಸಿ. ಮೂರಡಿಗೆ ಎರಡಡಿ, 3 ಮಿ.ಮೀ. ಗಾಜು ನಾಲ್ಕು ಕಿಲೋ ದಾಟುತ್ತದೆ. ಅಷ್ಟೇ ದಪ್ಪದ ಅಕ್ರಿಲಿಕ್ ಸುಮಾರು ಎರಡು ಕಿಲೋ. ಆದರೆ ಇದ್ದಿಲು, ಪೇಸ್ಟಲ್‌ನಲ್ಲಿ ಬರೆದ ಚಿತ್ರಕ್ಕೆ ಅಕ್ರಿಲಿಕ್ ಆಗಿಬರುವುದಿಲ್ಲ. ಒರೆಸಿದರೆ ಸಾಕು, ಅದರಲ್ಲಿ ಸ್ಥಾಯಿ ವಿದ್ಯುತ್ ಹುಟ್ಟಿ ಚಿತ್ರದ ಪುಡಿಯನ್ನೇ ಎಳೆದುಕೊಳ್ಳುತ್ತದೆ.

ಚಿತ್ರಸಂತೆಯಲ್ಲಿ ಕೊಂಡ ಗಾಜಿಲ್ಲದ ಕ್ಯಾನ್ವಾಸಿಗೆ ನೇರವಾಗಿ ಬಬಲ್ ರ‍್ಯಾಪ್ ಸುತ್ತಬೇಡಿ. ಬಿಸಿಲಿನ ಡಿಕ್ಕಿಯಲ್ಲಿ ವಾರ್ನಿಷ್ ಮೇಲೆ ದುಂಡು ದುಂಡು ಗುರುತು ಕೂರುತ್ತದೆ. ಮೊದಲು ಬಟರ್ ಪೇಪರ್ ಸುತ್ತಿ, ಆಮೇಲೆ ಗುಳ್ಳೆ ಹೊರಗೆ ಬರುವಂತೆ ಬಬಲ್ ಸುತ್ತಿ.

ಇನ್ನು ಹೊರಗಿನ ಕೆಲಸ. ಫ್ರೇಮಿನ ಬೆನ್ನಿನ ಕೊಕ್ಕೆ, ತಂತಿ ಬಿಚ್ಚಿ. ನಾಲ್ಕು ಮೂಲೆಗೂ ದಪ್ಪ ಫೋಮ್ ಕೊಡಿ, ಮೊದಲ ಪೆಟ್ಟು ಬೀಳುವುದು ಅಲ್ಲಿಗೇ. ಫ್ರೇಮಿಗಿಂತ ಸುತ್ತಲೂ ಎರಡು ಇಂಚು ದೊಡ್ಡದಾದ ಪ್ಲೈವುಡ್ ಹಲಗೆ ಮುಂದೊಂದು, ಹಿಂದೊಂದು. ಅಂಚಿನ ಆ ಸಂದಿಗೆ ಫೋಮ್ ಪಟ್ಟಿ ಬಿಗಿಯಾಗಿ ತುಂಬಿ, ಆಮೇಲೆ ಏಳು ಪದರದ ರಟ್ಟಿನ ಡಬ್ಬಕ್ಕೆ ಇಳಿಸಿ. ಪೇಪರ್ ಉಂಡೆ, ಥರ್ಮೋಕೋಲ್ ಚೂರು ತುಂಬಿದರೆ ಎರಡು ಹಂಪ್ ದಾಟುವಷ್ಟರಲ್ಲಿ ತಳಕ್ಕೆ ಕೂತು ಮೇಲೆ ಖಾಲಿ ಬೀಳುತ್ತದೆ.

ಬಬಲ್ ರ‍್ಯಾಪ್ ಪ್ರಿಯರಿಗೆ ಒಂದು ಲೆಕ್ಕ. ವಿಮಾನದಲ್ಲಿ ಹೋಗುವ ಪಾರ್ಸೆಲ್‌ಗೆ ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ದಪ್ಪ ಮೂರನ್ನೂ ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಅದು ನಿಜ ತೂಕಕ್ಕಿಂತ ಜಾಸ್ತಿ ಬಂದರೆ ಅದಕ್ಕೇ ದುಡ್ಡು. 110, 80, 20 ಸೆಂ.ಮೀ. ಡಬ್ಬಕ್ಕೆ 35.2 ಕಿಲೋ. ದಪ್ಪ 15ಕ್ಕೆ ಇಳಿಸಿದರೆ 26.4. ಐದು ಸೆಂಟಿಮೀಟರ್ ಗಾಳಿಗುಳ್ಳೆಗೆ ಒಂಬತ್ತು ಕಿಲೋ ಬಾಡಿಗೆ ಕಟ್ಟುವುದಕ್ಕಿಂತ ಅದೇ ದುಡ್ಡಲ್ಲಿ ಒಳ್ಳೆ ಪ್ಲೈವುಡ್ ಬರುತ್ತದೆ.

ವಿದೇಶಕ್ಕಾದರೆ ಇನ್ನೆರಡು ವಿಷಯ. ಇಡೀ ಮರದ ಪೆಟ್ಟಿಗೆಯಾದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಅದರ ಮುದ್ರೆ ಇರಬೇಕು. ಪ್ಲೈವುಡ್‌ಗೆ ಈ ತಾಪತ್ರಯ ಇಲ್ಲ. ಪೆಟ್ಟಿಗೆಗೆ ಮೊಳೆ ಹೊಡೆಯಬೇಡಿ, ಸ್ಕ್ರೂ ಹಾಕಿ. ಎರಡನೆಯದು, ತಾತನ ಕಾಲದ ಮಾಲು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಚಿತ್ರಗಳನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಅಷ್ಟು ಹಳೆಯದಲ್ಲ, ಆದರೆ ನೋಡಲು ಹಾಗಿದೆ ಅನ್ನುವುದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ತನ್ನಿ. ಪ್ಯಾಕ್ ಮಾಡಿಸುವ ಮೊದಲೇ ತನ್ನಿ. ಅವರು ವಸ್ತು ನೋಡಬೇಕು ಅಂದರೆ ನಾನು ಹಾಕಿದ ಸ್ಕ್ರೂಗಳನ್ನೆಲ್ಲ ನಾನೇ ಬಿಚ್ಚಬೇಕಾಗುತ್ತದೆ, ಅದಕ್ಕೂ ಕೂಲಿ ತೆಗೆದುಕೊಳ್ಳುತ್ತೇನೆ.