ನೀರು ಬಾಯಿಗಲ್ಲ, ಮೈಗೆ ಸುರಿಯಿರಿ

ಹೋದ ತಿಂಗಳು ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಸೆಂಟ್ರಿಂಗ್ (ಕಾಂಕ್ರೀಟಿಗೆ ಅಚ್ಚು ಕಟ್ಟುವ) ಕೆಲಸದ ಹುಡುಗನೊಬ್ಬನನ್ನು ಆಟೋದಲ್ಲಿ ಹಾಕಿಕೊಂಡು ನಮ್ಮ ಎಮರ್ಜೆನ್ಸಿಗೆ ಬಂದರು. ಮೈ ಕಾದ ಹಂಚಿನಂತಿತ್ತು. ಪ್ರಜ್ಞೆ ಇರಲಿಲ್ಲ. ಮೂಗಿನ ಹತ್ತಿರ ಕೊತ್ತಂಬರಿ ಸೊಪ್ಪಿನ ಚೂರು ಅಂಟಿತ್ತು.

"ಬಾಯಿ ಬಿಡ್ಲಿಲ್ಲ ಸಾರ್, ಮೂಗು ಹಿಡಿದು ಮಜ್ಜಿಗೆ ಹಾಕಿದ್ವಿ" ಅಂದರು ಮೇಸ್ತ್ರಿ.

ಬಿಸಿಲಿನ ಹೊಡೆತಕ್ಕೆ, ಅಂದರೆ ಹೀಟ್ ಸ್ಟ್ರೋಕ್‌ಗೆ, ಬಿದ್ದವರಿಗೆ ಪ್ರತಿ ಬೇಸಿಗೆಯಲ್ಲೂ ಇದೇ. ಮಜ್ಜಿಗೆ, ಎಳನೀರು, ಗ್ಲೂಕೋಸ್ ನೀರು. ಪ್ರೀತಿಯಿಂದಲೇ ಕೊಡುತ್ತಾರೆ, ಗೊತ್ತು. ಆದರೆ ಪ್ರಜ್ಞೆ ಇಲ್ಲದವರಿಗೆ ನುಂಗೋಕೆ ಆಗಲ್ಲ. ನೀವು ಹಾಕಿದ್ದು ಶ್ವಾಸನಾಳಕ್ಕೆ ಇಳಿದು ಶ್ವಾಸಕೋಶ ಸೇರುತ್ತದೆ. ತೊದಲುತ್ತಿದ್ದರೂ, ಅಮಲೇರಿದವರಂತೆ ಏನೇನೋ ಮಾತಾಡುತ್ತಿದ್ದರೂ ಅಷ್ಟೇ, ಒಂದು ಚಮಚವೂ ಬೇಡ. ಪೂರ್ತಿ ಎಚ್ಚರವಿದ್ದು, ತಾವೇ ಲೋಟ ಹಿಡಿಯಬಲ್ಲವರಿಗೆ ಮಾತ್ರ ಗುಟುಕು ಗುಟುಕಾಗಿ ಕೊಡಿ.

ಮೈ ಸುಡುತ್ತಿದೆ, ಜೊತೆಗೆ ಮಾತು ತಪ್ಪುತ್ತಿದೆ ಅಂದರೆ ಅದು ಬರೀ ತಲೆಸುತ್ತಲ್ಲ. ಒಳಗಿನ ಬಿಸಿ 40 ಡಿಗ್ರಿ ದಾಟಿ ಮಿದುಳಿಗೆ ಏಟು ಬಿದ್ದಿರಬಹುದು. ಬೆವರು ಬರ್ತಿದೆಯಲ್ಲ ಅಂತ ಸುಮ್ನೆ ಕೂರಬೇಡಿ, ದುಡಿಯುತ್ತಿದ್ದವರಲ್ಲಿ ಬೆವರೂ ಇರುತ್ತದೆ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ತುರುಕಬೇಡಿ, ಮಗ್ಗುಲಿಗೆ ತಿರುಗಿಸಿ ಮಲಗಿಸಿ.

108ಕ್ಕೆ ಫೋನ್ ಮಾಡಿ, ಆದರೆ ಆಂಬುಲೆನ್ಸ್ ಬರಲಿ ಅಂತ ಕಾಯಬೇಡಿ. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ ನಿಮಗೇ ಗೊತ್ತಲ್ವಾ? ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಲೇ ಇರಿ, ಇನ್ನೊಬ್ಬರು ರಟ್ಟಿನಲ್ಲೋ ಟವೆಲ್ಲಿನಲ್ಲೋ ಜೋರಾಗಿ ಗಾಳಿ ಹಾಕಲಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಸಕ್ಕರೆ ಕಾಯಿಲೆ ಇರುವವರು ಪ್ರಜ್ಞೆ ತಪ್ಪಲು ಬೇರೆ ಕಾರಣವೂ ಇರಬಹುದು, ಅದನ್ನು ಆಸ್ಪತ್ರೆಯಲ್ಲಿ ನಾವು ನೋಡುತ್ತೇವೆ. ಮೈ ತಂಪು ಮಾಡೋದು ಮಾತ್ರ ಅಲ್ಲಿಯವರೆಗೆ ಕಾಯಲ್ಲ.

ನಮ್ಮೂರು ತಂಪು, ಇಲ್ಲಿ ಇದೆಲ್ಲ ಎಲ್ಲಿ ಅನ್ನುವವರು ಈಗಲೂ ಇದ್ದಾರೆ. 2016ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರು 39.2 ಡಿಗ್ರಿ ಕಂಡಿದೆ. ಸೆಂಟ್ರಿಂಗ್ ಶೀಟಿನ ಮೇಲೆ ನಿಂತವನಿಗೆ ಅದಕ್ಕಿಂತ ಜಾಸ್ತಿ ಸುಡುತ್ತದೆ.

ಆ ಹುಡುಗ ಬಿದ್ದ ಜಾಗದ ಪಕ್ಕದಲ್ಲೇ ಕಾಂಕ್ರೀಟಿಗೆ ನೀರುಣಿಸುವ ಕ್ಯೂರಿಂಗ್ ಪೈಪಿನಲ್ಲಿ ನೀರು ಹರಿಯುತ್ತಿತ್ತಂತೆ. ಬಿಸಿ ಮೈಗೆ ತಣ್ಣೀರು ಬಿದ್ದರೆ ಜನ್ನಿ ಬರುತ್ತೆ ಅಂತ ಹೆದರಿ ಯಾರೂ ಹಾಕಿರಲಿಲ್ಲ. ಮೈ ಬಿಸಿಯನ್ನು ನಾವು ಅರ್ಧ ಗಂಟೆಯಲ್ಲಿ ಇಳಿಸಿದೆವು. ಮಜ್ಜಿಗೆಯಿಂದಾದ ನ್ಯುಮೋನಿಯಾ ಇಳಿಯಲು ಒಂಬತ್ತು ದಿನ ಹಿಡಿಯಿತು. ಮೇಸ್ತ್ರಿ ಆ ಒಂಬತ್ತು ರಾತ್ರಿಯೂ ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ಮಲಗಿದ್ದರು.