ಬಡವರ ಹತ್ರ ದುಡ್ಡು ತಗೊಂಡ್ರೆ ಅದು ಸೇವೆ ಹೆಂಗಾಗುತ್ತೆ?

"ಸೋಶಿಯಲ್ ಎಂಟರ್‌ಪ್ರೈಸ್ ಅಂತಾರಲ್ಲ, ಅದು ಎನ್‌ಜಿಓನಾ ಕಂಪನಿನಾ? ಬಡವರಿಗೆ ಮಾರಿ ಲಾಭ ಮಾಡ್ಕೊಂಡು ಸಮಾಜಸೇವೆ ಅನ್ನೋದು ಸರೀನಾ?" ಈ ಪ್ರಶ್ನೆ ತುಂಬ ಜನ ಕೇಳ್ತಾರೆ, ಕೇಳೋ ದನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತೆ, ಇರಬೇಕಾದ್ದೇ. ಸೋಶಿಯಲ್ ಎಂಟರ್‌ಪ್ರೈಸ್ ಅಂದ್ರೆ ಸಮಾಜದ ಒಂದು ಸಮಸ್ಯೆ ಬಗೆಹರಿಸೋಕೆ ಅಂತಾನೇ ವ್ಯಾಪಾರ ಮಾಡೋ ಸಂಸ್ಥೆ.

ನಮ್ಮ ಕರ್ನಾಟಕದ್ದೇ ಉದಾಹರಣೆ ತಗೊಳೋಣ, ಸೆಲ್ಕೋ. 1995ರಲ್ಲಿ ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆ ಸೇರಿ ಶುರು ಮಾಡಿದ್ದು, ಕರೆಂಟ್ ಇಲ್ಲದ ಮನೆಗಳಿಗೆ ಸೋಲಾರ್ ದೀಪ ಹಾಕೋ ಕೆಲಸ, ಮತ್ತೆ ಇದು ಟ್ರಸ್ಟ್ ಅಲ್ಲ, ಪ್ರೈವೇಟ್ ಲಿಮಿಟೆಡ್ ಕಂಪನಿ. ಆಗ ಎಲ್ಲರೂ ಹೇಳ್ತಿದ್ದಿದ್ದು ಒಂದೇ, ಬಡವರಿಗೆ ಸೋಲಾರ್ ಎಲ್ಲಿ ಕೈಗೆಟುಕುತ್ತೆ ಅಂತ. ಆದ್ರೆ ಬಡವರು ಬೆಳಕಿಗೆ ದುಡ್ಡು ಕೊಡ್ತಾನೇ ಇದ್ರು ಕಣ್ರೀ, ದಿನಾ ಸಂಜೆ ಬುಡ್ಡಿಗೆ ಸೀಮೆಎಣ್ಣೆ ಅಂತ ಕೊಡ್ತಾನೇ ಇದ್ರು, ಬದಲಿಗೆ ಸಿಗ್ತಿದ್ದಿದ್ದು ಮಿಣುಕು ಬೆಳಕು ಮತ್ತೆ ಗೋಡೆ ತುಂಬ ಮಸಿ. ಬೀದಿ ವ್ಯಾಪಾರಿಯೊಬ್ಬರು ಹೇಳಿದ ಮಾತನ್ನ ಹಂದೆ ಹಲವು ಕಡೆ ನೆನೆಸ್ಕೊಂಡಿದ್ದಾರೆ: ತಿಂಗಳಿಗೆ 300 ರೂಪಾಯಿ ಅಂದ್ರೆ ಜಾಸ್ತಿ ಆಗುತ್ತೆ, ದಿನಕ್ಕೆ 10 ಅಂದ್ರೆ ಆಗುತ್ತೆ. ಲೆಕ್ಕ ಅದೇ. ಆದ್ರೆ ಗಾಡಿ ತಳ್ಳೋರ ಕೈಗೆ ದುಡ್ಡು ಬರೋದು ದಿನಾ ಸಂಜೆ, ಒಂದನೇ ತಾರೀಕಲ್ಲ. ಹಂಗಾಗಿ ಸೆಲ್ಕೋದವರು ದೀಪ ಮಾರೋದಕ್ಕಿಂತ ಜಾಸ್ತಿ ಬೆವರು ಸುರಿಸಿದ್ದು ಗ್ರಾಮೀಣ ಬ್ಯಾಂಕು, ಸಹಕಾರ ಸಂಘಗಳ ಬಾಗಿಲಲ್ಲಿ, ದುಡಿಮೆಗೆ ತಕ್ಕ ಹಾಗೆ ಕಂತು ಕಟ್ಟೋ ಸಾಲ ಕೊಡಿ ಅಂತ ಒಪ್ಪಿಸೋಕೆ. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸರಿ, ಫ್ರೀಯಾಗೇ ಕೊಡಬಹುದಿತ್ತಲ್ವಾ? ಇಲ್ಲಿ ಬ್ಯಾಟರಿ ವಿಷಯ ಹೇಳ್ಬೇಕು. ಹಳೇ ಥರದ ಸೋಲಾರ್ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕ್ಬೇಕು, ಮುಚ್ಚಳ ಬಿಚ್ಚಿ ಮಟ್ಟ ನೋಡ್ಬೇಕು, ಟರ್ಮಿನಲ್ ಮೇಲೆ ಕೂತ ಬಿಳಿ ಪುಡಿ ಒರೆಸ್ಬೇಕು. ಯಾರೋ ದಾನ ಕೊಟ್ಟು ಫೋಟೋ ತೆಗೆಸ್ಕೊಂಡು ಹೋದ ದೀಪಕ್ಕೆ ಇದನ್ನೆಲ್ಲ ಮಾಡೋರ್ಯಾರು? ನೀರು ಆರುತ್ತೆ, ಬ್ಯಾಟರಿ ಸಾಯುತ್ತೆ, ಮನೆಯೋರು ಯಾರನ್ನೂ ಕೇಳೋ ಹಾಗಿಲ್ಲ, ಪುಕ್ಕಟೆ ಬಂದಿದ್ದು ತಾನೇ. ದುಡ್ಡು ಕೊಟ್ಟು ತಗೊಂಡ ಅಕ್ಕ ಹಂಗಲ್ಲ, ಫೋನ್ ಮಾಡಿ "ಏನ್ರೀ, ಎರಡು ದಿನ ಆಯ್ತು ಲೈಟ್ ಉರೀತಿಲ್ಲ, ಯಾವಾಗ ಬರ್ತೀರಾ" ಅಂತ ಜೋರು ಮಾಡ್ತಾಳೆ, ರಿಪೇರಿಗೆ ಬರೋ ಹುಡುಗನ ಸಂಬಳಕ್ಕೂ ಅವಳು ಕೊಟ್ಟ ದುಡ್ಡೇ ಆಧಾರ. ನನ್ನ ಪ್ರಕಾರ ಈ ಜೋರು ಮಾಡೋ ಹಕ್ಕೇ ಇಲ್ಲಿ ದೊಡ್ಡದು.

ಕಾನೂನಿನ ವಿಷಯ ಬೇಗ ಮುಗಿಸ್ತೀನಿ. ನಮ್ಮ ದೇಶದಲ್ಲಿ ಸೋಶಿಯಲ್ ಎಂಟರ್‌ಪ್ರೈಸ್ ಅನ್ನೋದಕ್ಕೇ ಅಂತ ಬೇರೆ ಥರದ ಸಂಸ್ಥೆ ಕಾನೂನಲ್ಲಿಲ್ಲ, ಸೆಲ್ಕೋ ಥರ ಕಂಪನಿನೂ ಆಗಬಹುದು, ಟ್ರಸ್ಟೂ ಆಗಬಹುದು. 1976ರಲ್ಲಿ ಮದುರೈನಲ್ಲಿ 11 ಹಾಸಿಗೆಯಿಂದ ಶುರುವಾದ ಅರವಿಂದ್ ಕಣ್ಣಾಸ್ಪತ್ರೆ ಟ್ರಸ್ಟ್, ಆದ್ರೂ ದುಡ್ಡು ಕೊಡೋ ರೋಗಿಗಳಿಂದ ಬಂದ ಉಳಿತಾಯದಲ್ಲಿ ಕೊಡಲಾಗದವರಿಗೂ ಆಪರೇಷನ್ ಮಾಡುತ್ತೆ. ದೊಡ್ಡ ಕಂಪನಿಗಳು 2013ರ ಕಂಪನಿ ಕಾಯ್ದೆ ಪ್ರಕಾರ ಸಮಾಜದ ಕೆಲಸಕ್ಕೆ ಲಾಭದ 2% ಖರ್ಚು ಮಾಡೋ ಸಿಎಸ್‌ಆರ್ ಬೇರೆ, ಅಲ್ಲಿ ವ್ಯಾಪಾರ ಒಂದು ಕಡೆ, ಸೇವೆ ಇನ್ನೊಂದು ಕಡೆ.

ಆದ್ರೆ ಪ್ರಶ್ನೆಯಲ್ಲಿರೋ ಅನುಮಾನ ಸುಳ್ಳಲ್ಲ. ಮೈಕ್ರೋಫೈನಾನ್ಸ್, ಅಂದ್ರೆ ಬಡವರಿಗೆ ಸಣ್ಣ ಸಣ್ಣ ಸಾಲ ಕೊಡೋ ವ್ಯವಸ್ಥೆ, ಅದೂ ಬಡವರ ಉದ್ಧಾರ ಅಂತಾನೇ ಬಂದಿದ್ದು. ವಸೂಲಿ ಕಾಟ ತಡೆಯೋಕೆ 2010ರಲ್ಲಿ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯ್ತು, 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲೂ ಅದೇ ಆಯ್ತು. ಅಲ್ಲೂ ಇದ್ದಿದ್ದು ಕಂತೇ. ಬೇಗ ಬೆಳೀಬೇಕು, ಹೂಡಿಕೆದಾರರಿಗೆ ಬೇಗ ವಾಪಸ್ ಕೊಡ್ಬೇಕು ಅನ್ನೋ ಒತ್ತಡ ಬಂದಾಗ ಅದೇ ಕಂತು ಕುತ್ತಿಗೆಗೆ ಬರುತ್ತೆ. ಅದಕ್ಕೆ ಯಾರಾದ್ರೂ ನಮ್ದು ಸೋಶಿಯಲ್ ಎಂಟರ್‌ಪ್ರೈಸ್ ಅಂತ ಬಂದ್ರೆ ನೋಂದಣಿ ಪತ್ರ ಕೇಳೋದಕ್ಕೆ ಮುಂಚೆ ಎರಡು ಮಾತು ಕೇಳಿ: ಕಂತು ತಪ್ಪಿದ ತಿಂಗಳು ಏನ್ ಮಾಡ್ತೀರಾ, ಸಾಮಾನು ಕೆಟ್ಟ ದಿನ ಯಾರು ಬರ್ತಾರೆ?