ಕೊಂಬನ್ನು ತೊಳೆದು ತರಬೇಡಿ

ಮುರಿದ ಜಿಂಕೆ ಕೊಂಬನ್ನು ರಿಪೇರಿಗೆ ತರುವ ಹೆಚ್ಚಿನವರು ಅದನ್ನು ತಿಕ್ಕಿ ತೊಳೆದೇ ತರುತ್ತಾರೆ. ಕೆಲವರು ಬ್ಲೀಚ್ ಹಾಕಿರುತ್ತಾರೆ, ಕೆಲವರು ಉಪ್ಪುಕಾಗದದಲ್ಲಿ ಉಜ್ಜಿರುತ್ತಾರೆ, ಕುದಿಸಿ ತಂದವರೂ ಇದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ, ಬಿಡಿ. ಮುರಿದ ಕವಲನ್ನು ನಾನು ಅಂಟಿಸಿ ಕೊಡಬಲ್ಲೆ. ತೊಳೆದು ಹೋದ ಬಣ್ಣವನ್ನು ಎಲ್ಲಿಂದ ತರಲಿ?

ಇದೊಂದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಸುವಿನ ಕೊಂಬಿನ ಹೊರಗಿನ ಕವಚ ನಮ್ಮ ಉಗುರಿನ ಜಾತಿಯದು. ಜಿಂಕೆಯ ಕೊಂಬು ಹಾಗಲ್ಲ, ಅದು ಪೂರ್ತಿ ಮೂಳೆ. ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಬೆಳೆಯುವಾಗ ಅದರ ಮೇಲೆ ಮೃದು ರೋಮದ ಚರ್ಮ ಇರುತ್ತದೆ. ಬೆಳೆದು ಮುಗಿದ ಮೇಲೆ ಜಿಂಕೆ ಆ ಚರ್ಮವನ್ನು ಗಿಡಮರಗಳಿಗೆ ತಿಕ್ಕಿ ಕಳಚುತ್ತದೆ. ಒಣಗಿದ ರಕ್ತ, ತೊಗಟೆಯ ರಸ, ಮಣ್ಣು ಎಲ್ಲ ಸೇರಿ ಆ ಕಂದು ಬಣ್ಣ ಕೂರುವುದು ಹಾಗೆ. ತುದಿಗಳು ಮಾತ್ರ ತಿಕ್ಕಿ ತಿಕ್ಕಿ ಬೆಳ್ಳಗೆ, ನುಣ್ಣಗೆ ಆಗಿರುತ್ತವೆ. ಅಂದರೆ ಬಣ್ಣ ಇರುವುದು ಮೇಲ್ಮೈಯಲ್ಲಿ, ಅದೂ ತೆಳ್ಳಗೆ. ಕೆಳಗೆ ಬರೀ ಬಿಳಿ ಮೂಳೆ. ನೀವು ಕೊಳೆ ಅಂದುಕೊಂಡು ತೆಗೆಯುವುದು ಆ ಬಣ್ಣವನ್ನೇ.

ಬ್ಲೀಚ್ ಅಂತೂ ಬೇಡವೇ ಬೇಡ. ಮೂಳೆಯನ್ನು ಹಿಡಿದಿಟ್ಟಿರುವ ಪ್ರೋಟೀನನ್ನೇ ಅದು ತಿನ್ನುತ್ತದೆ. ಒಬ್ಬ ಹಿರಿಯರು ತಮ್ಮ ತಂದೆ ಕಾಲದ ಜೋಡಿ ಕೊಂಬನ್ನು ರಾತ್ರಿಯಿಡೀ ಅದರಲ್ಲಿ ನೆನೆಸಿ ತಂದಿದ್ದರು. "ಹೇಗೆ ಫಳಫಳ ಅಂತಿದೆ ನೋಡಿ" ಅಂದರು, ತುಂಬ ಖುಷಿಯಲ್ಲಿ. ಮುಟ್ಟಿದರೆ ಸೀಮೆಸುಣ್ಣದ ಹಾಗೆ ಬೆರಳಿಗೆ ಪುಡಿ ಹತ್ತಿತು. ಅವರಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಮುರಿದಿದ್ದು ಒಂದು ಚಿಕ್ಕ ಕವಲು ಅಷ್ಟೇ. ಕೊನೆಗೆ ಇಡೀ ಜೋಡಿಗೇ ಬಣ್ಣ ಹಾಕಿ ಕೊಡಬೇಕಾಯಿತು.

ಧೂಳಿದ್ದರೆ ಒಣ ಬ್ರಷ್ ಸಾಕು. ತೀರಾ ಜಿಡ್ಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಆದರೆ ಒಂದು ಎಚ್ಚರಿಕೆ. ತಲೆ, ಚರ್ಮ ಸಮೇತ ಇರುವ ತುಂಬ ಹಳೆಯ ಕೊಂಬಾದರೆ ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಹಿಂದೆ ಚರ್ಮಕ್ಕೆ ಹುಳ ಬೀಳದಿರಲಿ ಅಂತ ಆರ್ಸೆನಿಕ್ ಅನ್ನುವ ವಿಷ ಬಳಿಯುತ್ತಿದ್ದರು.

ಜೋಡಿಸುವ ಕೆಲಸ ಕೈ ಕುಶಲ ಇದ್ದವರಿಗೆ ಕಷ್ಟವಲ್ಲ. ಎರಡೂ ತುಂಡಿಗೆ ತೂತು ಕೊರೆದು ಹಿತ್ತಾಳೆ ಸರಳು ಕೂರಿಸಿ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿ ಹಚ್ಚುವ ಅಂಟು, ಹಾಕಿ. ಸರಳಿಲ್ಲದೆ ಸುಮ್ನೆ ಇನ್‌ಸ್ಟಂಟ್ ಅಂಟು ಸುರಿದರೆ ಒಳಗಿನ ತೂತುತೂತು ಮೂಳೆ ಅದನ್ನು ಕುಡಿದುಬಿಡುತ್ತದೆ. ಒಂದು ಏಟಿಗೆ ಮತ್ತೆ ಬಿಟ್ಟುಕೊಳ್ಳುತ್ತದೆ. ಮುರಿದ ಮುಖವನ್ನು ಮಾತ್ರ ಉಜ್ಜಿ ಸಮ ಮಾಡಬೇಡಿ. ಆ ತರಿತರಿ ಇದ್ದರೇನೇ ತುಂಡು ಸರಿಯಾಗಿ ಕೂರುವುದು.

ಚೂರು ಕಳೆದುಹೋಗಿದ್ದರೆ ಎಪಾಕ್ಸಿ ಪುಟ್ಟಿ ತುಂಬಿ. ನಮ್ಮ ಜನ ಮತ್ತೆ ಎಡವುವುದು ಇಲ್ಲೇ. ಪುಟ್ಟಿ ಉಬ್ಬಿದೆ ಅಂತ ಉಪ್ಪುಕಾಗದ ಹಿಡಿದು ಸುತ್ತಲೂ ಉಜ್ಜುತ್ತಾರೆ. ಪುಟ್ಟಿಯೇನೋ ಸಮವಾಗುತ್ತದೆ. ಜೊತೆಗೆ ಸುತ್ತಲಿನ ಬಣ್ಣ ಹೋಗಿ ಒಂದು ಬಿಳಿ ಉಂಗುರ ಬೀಳುತ್ತದೆ. ಅದನ್ನು ಮುಚ್ಚಲು ಬಣ್ಣ, ಬಣ್ಣ ಜಾಸ್ತಿಯಾಯಿತು ಅಂತ ಮತ್ತೆ ಉಜ್ಜುವುದು, ಉಂಗುರ ಇನ್ನಷ್ಟು ದೊಡ್ಡದಾಗುವುದು. ಪುಟ್ಟಿ ಹಸಿಯಿದ್ದಾಗಲೇ ಒದ್ದೆ ಬೆರಳಲ್ಲಿ ಸಮ ಮಾಡಿ, ಗೆರೆ, ಗಂಟುಗಳನ್ನು ಆಗಲೇ ಮೂಡಿಸಿ. ಆಮೇಲೂ ಉಜ್ಜಲೇಬೇಕಾದರೆ ಸುತ್ತ ಟೇಪ್ ಅಂಟಿಸಿ, ಮಾಸ್ಕ್ ಹಾಕಿಕೊಳ್ಳಿ. ಮೂಳೆ ಪುಡಿ, ಪುಟ್ಟಿ ಪುಡಿ ಎರಡೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಬಣ್ಣಕ್ಕೆ ನೀರಾಗಿಸಿದ ಅಕ್ರಿಲಿಕ್ ಸಾಕು. ಹಚ್ಚಿ, ಒರೆಸಿ, ಒಣಗಿದ ಮೇಲೆ ಮತ್ತೆ ಹಚ್ಚಿ. ಗೆರೆಗಳ ತಗ್ಗಿನಲ್ಲಿ ಗಾಢ, ಉಬ್ಬಿನಲ್ಲಿ ತೆಳು. ಹೊಳೆಯುವ ವಾರ್ನಿಷ್ ಬಳಿದರೆ ಪ್ಲಾಸ್ಟಿಕ್ ಕೊಂಬು ತಂದು ಹಾಕಿದಂತೆಯೇ ಕಾಣುತ್ತದೆ. ಆದರೂ ಬೇಕು ಅನ್ನುವವರಿದ್ದಾರೆ, ಏನು ಮಾಡೋದು.

ಇನ್ನು ಕಾನೂನು. ಅದು ಒಂದೊಂದು ದೇಶದಲ್ಲಿ ಒಂದೊಂದು ಥರ. ಭಾರತದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಕಾಡುಜಿಂಕೆಯ ಕೊಂಬು ಇಟ್ಟುಕೊಳ್ಳುವುದು ಅಪರಾಧ. "ಅಜ್ಜನ ಕಾಲದಿಂದ ಇದೆ" ಅನ್ನುವುದು ಪ್ರಮಾಣಪತ್ರವಲ್ಲ. ಅನುಮಾನ ಇದ್ದರೆ ಮೊದಲು ಅರಣ್ಯ ಇಲಾಖೆಯನ್ನು ಕೇಳಿ. ಕಾಗದ ತೋರಿಸದಿದ್ದರೆ ನಾನು ಕೊಂಬು ಮುಟ್ಟುವುದಿಲ್ಲ. ಕೋಪ ಮಾಡಿಕೊಂಡು ಹೋದವರೂ ಇದ್ದಾರೆ, ಹೋಗಲಿ.